ಒಂದೇ ವಯಲ್ ಬೊಟಾಕ್ಸ್ ಇಬ್ಬರಿಗೆ ಹಂಚಬಹುದಾ? ಅತ್ತೆಗೆ ಮುಖದ ಸೆಳೆತ, ನಾದಿನಿಗೆ ಹುಬ್ಬಿನ ನಡುವಿನ ಗೆರೆ

ಸಂಪಿಗೆ_ಮರ ಕೇಳಿದ್ದು:

ಅತ್ತೆಗೆ 61 ವರ್ಷ. ಎಡಗಣ್ಣಿನ ಕೆಳಗೆ ಶುರುವಾದ ಅದುರು ಈಗ ಬಾಯಿಯ ಮೂಲೆಯನ್ನೂ ಎಳೆಯುತ್ತೆ. ಎಂಆರ್‌ಐ ಆಗಿದೆ. ಹೆಮಿಫೇಶಿಯಲ್ ಸ್ಪಾಸಂ (ಮುಖದ ಒಂದೇ ಬದಿಯ ಸೆಳೆತ) ಅಂತ ಹೇಳಿ ನರರೋಗ ತಜ್ಞರು ಬೊಟಾಕ್ಸ್ ಬರೆದಿದ್ದಾರೆ, ಈ ಸಲಕ್ಕೆ 25 ಯೂನಿಟ್ ಸಾಕಂತೆ. ಔಷಧಿ ನಾವೇ ತಂದುಕೊಡಬೇಕು. ಅಂಗಡಿಯಲ್ಲಿ ಸಿಗ್ತಿರೋದು 100 ಯೂನಿಟ್‌ನ ವಯಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಬಾಟಲಿ) ಮಾತ್ರ.

ನಾದಿನಿ ಹುಬ್ಬಿನ ನಡುವಿನ ಎರಡು ಗೆರೆಗೆ ಇದನ್ನೇ ಹಾಕಿಸಿಕೊಳ್ಳೋ ಯೋಚನೆಯಲ್ಲಿದ್ದಾಳೆ. ಅವಳ ಕ್ಲಿನಿಕ್ ಬೇರೆ, ಡಾಕ್ಟರೂ ಬೇರೆ. ಐದು ವಾರಕ್ಕೆ ಮನೆಯಲ್ಲಿ ಮದುವೆ ಇದೆ. ಉಳಿಯೋ 75 ಯೂನಿಟ್ ಸುಮ್ಮನೆ ಚರಂಡಿ ಪಾಲಾಗೋದು ಯಾಕೆ ಅನ್ನೋದು ಮನೆಯವರ ವಾದ.

ಕೇಳಬೇಕಿರೋದು ಇಷ್ಟು. ಎರಡಕ್ಕೂ ಔಷಧಿ ಒಂದೇನಾ? ಉಳಿದದ್ದನ್ನ ಫ್ರಿಜ್‌ನಲ್ಲಿಟ್ಟು ಅವಳಿಗೆ ಬಳಸಬಹುದಾ? ರೆಪ್ಪೆ ಜೋತುಬೀಳುತ್ತೆ ಅಂತಾರಲ್ಲ, ಅದು ಯಾಕಾಗುತ್ತೆ? ವಿಮೆಯಲ್ಲಿ ಏನಾದರೂ ಬರುತ್ತಾ?

—

ತ್ವಚೆ_ಮಾತು ಉತ್ತರಿಸಿದ್ದು (ಚರ್ಮರೋಗ ವಿಭಾಗ):

ಔಷಧಿ ಒಂದೇ, ಸ್ನಾಯುವನ್ನ ಕೆಲಕಾಲ ಸುಮ್ಮನಾಗಿಸೋ ಬೊಟುಲಿನಮ್ ಟಾಕ್ಸಿನ್ ಎ. ಹಂಚೋದು ಬೇಡ, ಖಂಡಿತ ಬೇಡ. ಕಾರಣ ಹೇಳ್ತೀನಿ.

ಬೊಟಾಕ್ಸ್ ವಯಲನ್ನ ಬೆಳಕಿಗೆ ಹಿಡಿದು ನೋಡಿದರೆ ಖಾಲಿ ಇದ್ದ ಹಾಗೇ ಕಾಣುತ್ತೆ. ತಳದಲ್ಲಿ ಮಂಜು ಕಟ್ಟಿದಂಥ ತೆಳು ಪೊರೆ, ಅಷ್ಟೇ. ಅದಕ್ಕೆ ಸಂರಕ್ಷಕ ಬೆರೆಸದ 0.9% ಸಲೈನ್ ಹಾಕಿ ಕರಗಿಸಬೇಕು. ವಯಲ್ ಒಳಗೆ ನಿರ್ವಾತ ಇರೋದರಿಂದ ಸೂಜಿ ಚುಚ್ಚಿದ ಕೂಡಲೇ ಸಲೈನನ್ನ ತಾನೇ ಎಳೆದುಕೊಳ್ಳುತ್ತೆ. ಎಳೆದುಕೊಳ್ಳದಿದ್ದರೆ ಆ ವಯಲ್ ಬಳಸಬಾರದು. ಕರಗಿಸುವಾಗ ಮೆಲ್ಲಗೆ ತಿರುಗಿಸಬೇಕು, ಸಿರಪ್ ಬಾಟಲಿ ಥರ ಕುಲುಕಬಾರದು. ಕರಗಿದ ಮೇಲೆ 2ರಿಂದ 8 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ, ಒಂದು ವಯಲ್ ಒಬ್ಬರಿಗೆ ಮಾತ್ರ ಅಂತ ಕಂಪನಿಯ ಸೂಚನೆಯಲ್ಲೇ ಇದೆ. ಅನೇಕ ಕ್ಲಿನಿಕ್‌ಗಳು ಒಂದೇ ದಿನ ನಾಲ್ಕಾರು ಜನರನ್ನ ಕರೆಸಿ ಒಂದು ವಯಲ್ ಹಂಚೋದು, ಉಳಿದದ್ದನ್ನ ಇನ್ನೂ ಕೆಲವು ದಿನ ಇಟ್ಟುಕೊಳ್ಳೋದು ಗುಟ್ಟೇನಲ್ಲ. ಅಲ್ಲಾದರೂ ಕರಗಿಸಿದವರು, ಎಳೆದವರು, ಚುಚ್ಚಿದವರು ಒಂದೇ ಸೂರಿನಡಿ ಇರ್ತಾರೆ. ನೀವು ಹೇಳ್ತಿರೋದು ಒಂದು ಆಸ್ಪತ್ರೆಯಲ್ಲಿ ತೆರೆದ ವಯಲನ್ನ ಮನೆ ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಇಟ್ಟು ಇನ್ನೊಂದು ಕ್ಲಿನಿಕ್‌ಗೆ ಒಯ್ಯೋ ಮಾತು. ಎಷ್ಟು ಸಲೈನ್ ಹಾಕಿದ್ದಾರೆ ಅಂತ ಎರಡನೇ ಡಾಕ್ಟರಿಗೆ ಗೊತ್ತಿರಲ್ಲ. ಒಂದು ಸಲ ಬಳಸಿದ ಸೂಜಿ ಮತ್ತೆ ಒಳಗೆ ಹೋಗಿದೆಯಾ ಅನ್ನೋದೂ ಗೊತ್ತಿರಲ್ಲ. ಸೋಂಕಿನ ದಾರಿ ಅದೇ. 50 ಯೂನಿಟ್‌ನ ವಯಲ್ ಕೂಡ ತಯಾರಾಗುತ್ತೆ, ಅಂಗಡಿಯವರಿಗೆ ತರಿಸಿಕೊಡೋಕೆ ಹೇಳಿ ನೋಡಿ. ಅತ್ತೆಗೆ ಅಷ್ಟೇ ಸಾಕು.

ಇನ್ನು ನಾದಿನಿಯ ಗೆರೆ. ಹುಬ್ಬು ಗಂಟಿಕ್ಕಿದಾಗ ಮಾತ್ರ ಕಾಣೋ ಗೆರೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಮುಖ ಸಡಿಲ ಬಿಟ್ಟಾಗಲೂ ಕೊರೆದ ಹಾಗೆ ಉಳಿಯೋ ಗೆರೆ ಮಸುಕಾಗುತ್ತೆ, ಪೂರ್ತಿ ಹೋಗಲ್ಲ. ಕನ್ನಡಿ ಮುಂದೆ ಕೂತು ಎರಡೂ ಥರ ನೋಡಿಕೊಳ್ಳಲಿ. ಮೂಗಿನ ಪಕ್ಕದಿಂದ ತುಟಿಯ ಅಂಚಿಗೆ ಇಳಿಯೋ ಗೆರೆಗೆ ಬೊಟಾಕ್ಸ್ ಅಲ್ಲ, ಅದಕ್ಕೆ ಹಾಕೋದು ಫಿಲ್ಲರ್, ಅಂದರೆ ಚರ್ಮದಡಿ ತುಂಬಿಸೋ ಜೆಲ್. ಆ ವಸ್ತುವೇ ಬೇರೆ, ಅದರ ಅಪಾಯಗಳೂ ಬೇರೆ. ರಕ್ತನಾಳ ಕಟ್ಟಿಕೊಂಡು ಚರ್ಮ ಸಾಯೋದು, ಕಣ್ಣು ಹೋಗೋದು ಎಲ್ಲ ಫಿಲ್ಲರಿನ ಲೆಕ್ಕಕ್ಕೆ ಬರುತ್ತೆ. ಜನ ಎರಡನ್ನೂ ಕಲಸಿಬಿಡ್ತಾರೆ.

ಹುಬ್ಬಿನ ನಡುವೆ ಒಪ್ಪಿತ ಪ್ರಮಾಣ 20 ಯೂನಿಟ್. 100 ಯೂನಿಟ್‌ಗೆ 2.5 ಮಿ.ಲೀ. ಸಲೈನ್ ಹಾಕಿದರೆ 0.1 ಮಿ.ಲೀ.ಗೆ 4 ಯೂನಿಟ್. ಐದು ಜಾಗಕ್ಕೆ 4 ಯೂನಿಟ್‌ನಂತೆ: ಮೂಗಿನ ಬುಡದ ಪ್ರೊಸೀರಸ್ ಸ್ನಾಯುವಿಗೆ ಒಂದು, ಎರಡೂ ಕಡೆಯ, ಹುಬ್ಬು ಗಂಟಿಕ್ಕಿಸೋ ಕೊರುಗೇಟರ್‌ಗೆ ಎರಡೆರಡು. ಕಣ್ಣಂಚಿನ ಗೆರೆಗೆ ಒಂದೊಂದು ಕಡೆ 12, ಒಟ್ಟು 24. ಹಣೆಯ ಅಡ್ಡಗೆರೆಗೆ 20, ಅದೂ ಹುಬ್ಬಿನ ನಡುವಿನ 20ರ ಜೊತೆಗೇ.

ಜೊತೆಗೇ ಯಾಕೆ ಅಂದರೆ, ಹುಬ್ಬನ್ನ ಮೇಲೆತ್ತೋದು ಹಣೆಯ ಫ್ರಂಟಾಲಿಸ್ ಒಂದೇ. ಕೆಳಗೆಳೆಯೋ ಸ್ನಾಯುಗಳು ಹಲವು. ಹಣೆಯನ್ನ ಮಾತ್ರ ಸುಮ್ಮನಾಗಿಸಿದರೆ ಎಳೆಯೋರದ್ದೇ ಮೇಲುಗೈ, ಹುಬ್ಬು ಕೆಳಗಿಳಿದು ಕಣ್ಣು ಭಾರ ಆಗುತ್ತೆ. ರೆಪ್ಪೆಯ ಚರ್ಮ ಮೊದಲೇ ಸಡಿಲ ಇರೋರು ಗೊತ್ತಿಲ್ಲದೇ ಇಡೀ ದಿನ ಹಣೆ ಎತ್ತಿಕೊಂಡೇ ನೋಡ್ತಿರ್ತಾರೆ, ಅಂಥವರಿಗೆ ಹಣೆಗೆ ಪೂರ್ತಿ ಡೋಸ್ ಹಾಕಿದರೆ ಕಷ್ಟ. ಹಣೆಯ ನಡುವೆ ಮಾತ್ರ ಹಾಕಿ ಪಕ್ಕ ಬಿಟ್ಟರೆ ಹುಬ್ಬಿನ ಹೊರತುದಿ ನಾಟಕದ ರಾಕ್ಷಸನ ಹಾಗೆ ಮೇಲೇಳುತ್ತೆ. ಅದಕ್ಕೆ ಅಲ್ಲಿಗೆ ಒಂದೆರಡು ಯೂನಿಟ್ ಸಾಕು, ಇಳಿಯುತ್ತೆ.

ರೆಪ್ಪೆ ಜೋತುಬೀಳೋದು ಇದಲ್ಲ, ಬೇರೆ. ಕೊರುಗೇಟರ್‌ಗೆ ಹಾಕಿದ್ದು ಕಣ್ಣಿನ ಗುಳಿಯೊಳಕ್ಕೆ ಇಳಿದು ರೆಪ್ಪೆ ಎತ್ತೋ ಲಿವೇಟರ್ ಸ್ನಾಯುವನ್ನ ತಲುಪಿದಾಗ ಹಾಗಾಗುತ್ತೆ. ಕಣ್ಣಿನ ಮೇಲಿನ ಮೂಳೆಯ ಅಂಚಿಂದ ಕನಿಷ್ಠ 1 ಸೆಂ.ಮೀ. ಮೇಲೆ ಚುಚ್ಚಬೇಕು. ಹುಬ್ಬಿನ ಕೂದಲನ್ನ ಗುರುತಾಗಿ ಇಟ್ಟುಕೊಂಡರೆ ಕೆಡುತ್ತೆ. ಪಾರ್ಲರ್‌ನಲ್ಲಿ ತಿದ್ದಿದ ಹುಬ್ಬು ಎಲ್ಲಿ ಬೇಕಾದರೂ ಇರಬಹುದು, ಮೂಳೆಯನ್ನ ಬೆರಳಲ್ಲಿ ಮುಟ್ಟಿಯೇ ನೋಡಬೇಕು. ನೀರು ಜಾಸ್ತಿ ಹಾಕಿ ತೆಳ್ಳಗೆ ಮಾಡಿದ್ದರೆ ಹರಡೋದೂ ಜಾಸ್ತಿ. ಬಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಗೊತ್ತಾಗುತ್ತೆ, ಕೆಲವು ವಾರದಲ್ಲಿ ತಾನಾಗಿ ಸರಿಹೋಗುತ್ತೆ. ಅಷ್ಟರವರೆಗೆ ಆಪ್ರಾಕ್ಲೊನಿಡಿನ್ 0.5% ಹನಿ ಹಾಕಿದರೆ ರೆಪ್ಪೆಯ ಇನ್ನೊಂದು ಪುಟ್ಟ ಸ್ನಾಯು ಬಿಗಿದು 1–2 ಮಿ.ಮೀ. ಎತ್ತುತ್ತೆ. ಅದನ್ನೂ ಕಣ್ಣಿನ ಡಾಕ್ಟರನ್ನ ಕೇಳಿಯೇ ಹಾಕಬೇಕು.

ಮದುವೆಗೆ ಐದು ವಾರ ಇದ್ದರೆ ಈ ವಾರವೇ ಮಾಡಿಸಲಿ. ಪರಿಣಾಮ ಮೂರು ನಾಲ್ಕು ದಿನಕ್ಕೆ ಶುರುವಾಗಿ ಎರಡು ವಾರದ ಹೊತ್ತಿಗೆ ಪೂರ್ತಿ ಆಗುತ್ತೆ. ಆಗ ಒಂದು ಸಲ ತೋರಿಸಿ, ಬೇಕಿದ್ದರೆ ತಿದ್ದಿಸಿಕೊಂಡರೂ ಕೈಯಲ್ಲಿ ಸಮಯ ಉಳಿಯುತ್ತೆ. ಮದುವೆಗೆ ಮೂರು ದಿನ ಇದೆ ಅಂತ ಬರೋರನ್ನ ವಾಪಸ್ ಕಳಿಸೋದೇ ಸರಿ.

—

ನರಮಂಡಲ ಉತ್ತರಿಸಿದ್ದು (ನರರೋಗ ವಿಭಾಗ):

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಅತ್ತೆಯವರ ಭಾಗವನ್ನಷ್ಟೇ ಸೇರಿಸುತ್ತೇನೆ.

ಹೆಮಿಫೇಶಿಯಲ್ ಸ್ಪಾಸಂ ಸಾಮಾನ್ಯವಾಗಿ ಮಿದುಳಿನ ಬುಡದಲ್ಲಿ ಮುಖದ ನರ ಹೊರಡುವ ಜಾಗದಲ್ಲಿ ರಕ್ತನಾಳವೊಂದು ಅದನ್ನು ಒತ್ತುವುದರಿಂದ ಬರುತ್ತದೆ. ಇಂಜೆಕ್ಷನ್ ಆ ಒತ್ತಡವನ್ನು ತೆಗೆಯುವುದಿಲ್ಲ. ನರದ ತುದಿಯಲ್ಲಿ, ಸ್ನಾಯುವಿಗೆ ಆಜ್ಞೆ ಒಯ್ಯುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಹೊರಬರಲು ಬೇಕಾದ ಸ್ನ್ಯಾಪ್-25 ಎಂಬ ಪ್ರೋಟೀನನ್ನು ಕತ್ತರಿಸುತ್ತದೆ, ಆದ್ದರಿಂದ ಆಜ್ಞೆ ಬಂದರೂ ಸ್ನಾಯುವಿಗೆ ತಲುಪುವುದಿಲ್ಲ. ನರದ ತುದಿ ಚೇತರಿಸಿಕೊಂಡಂತೆ, ಸುಮಾರು ಮೂರು ತಿಂಗಳಿಗೆ, ಸೆಳೆತ ಮರಳುತ್ತದೆ. ಇದನ್ನು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ನಾಲ್ಕನೇ ತಿಂಗಳಲ್ಲಿ “ಔಷಧಿ ಕೆಲಸ ಮಾಡಲಿಲ್ಲ” ಎಂದು ಡಾಕ್ಟರನ್ನೇ ಬದಲಿಸುತ್ತಾರೆ. ಒತ್ತಡವನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ಇದೆ, ನರ ಮತ್ತು ರಕ್ತನಾಳದ ನಡುವೆ ಪುಟ್ಟ ಮೆತ್ತೆ ಇಡುತ್ತಾರೆ. ಅದು ತಲೆಬುರುಡೆ ತೆರೆಯುವ ಕೆಲಸ. ಹಾಗಾಗಿ ಈ ವಯಸ್ಸಿನಲ್ಲಿ ಹಲವರು ಇಂಜೆಕ್ಷನ್ನನ್ನೇ ಆರಿಸಿಕೊಳ್ಳುತ್ತಾರೆ.

ಕಣ್ಣಿನ ಸುತ್ತ ಒಂದೊಂದು ಜಾಗಕ್ಕೆ 1.25ರಿಂದ 2.5 ಯೂನಿಟ್‌ನಿಂದ ಶುರು. ಮೇಲಿನ ರೆಪ್ಪೆಯ ಒಳ ಮತ್ತು ಹೊರ ತುದಿಗೆ ಹಾಕಿ ನಡುವನ್ನು ಬಿಡುತ್ತೇವೆ, ನಡುವೆ ಲಿವೇಟರ್ ಇದೆ. ಕೆಳರೆಪ್ಪೆಯ ಮೂಗಿನ ಕಡೆಯ ಭಾಗವನ್ನೂ ಬಿಡುತ್ತೇವೆ. ಅಲ್ಲಿಂದ ಔಷಧಿ ಕಣ್ಣು ತಿರುಗಿಸುವ ಸ್ನಾಯುವಿಗೆ ಇಳಿದರೆ ಎರಡೆರಡು ಕಾಣತೊಡಗುತ್ತದೆ. ಕೆನ್ನೆ ಮತ್ತು ಬಾಯಿಯ ಮೂಲೆಗೆ ಕೈ ಬಿಗಿ ಹಿಡಿಯಬೇಕು. ಅಲ್ಲಿ ಒಂದೆರಡು ಯೂನಿಟ್ ಹೆಚ್ಚಾದರೂ ನಕ್ಕಾಗ ಬಾಯಿ ವಾರೆ, ಕಾಫಿ ಕುಡಿದರೆ ಮೂಲೆಯಿಂದ ಸೋರಿಕೆ. ಮೊದಲ ಸಲ ಬಾಯಿಯ ಸೆಳೆತ ಸ್ವಲ್ಪ ಉಳಿದರೆ ಉಳಿಯಲಿ. ಕಣ್ಣು ಹತೋಟಿಗೆ ಬಂದರೆ ಬಾಯಿಯದೂ ಎಷ್ಟೋ ಸಲ ತಗ್ಗುತ್ತದೆ.

ಚುಚ್ಚಿದ ನಂತರ ಕಣ್ಣು ಪೂರ್ತಿ ಮುಚ್ಚುತ್ತದೆಯೇ ಎಂದು ರಾತ್ರಿ ಮಲಗಿದಾಗ ಟಾರ್ಚ್ ಹಿಡಿದು ನೋಡಿ. ಬಿಳಿಗುಡ್ಡೆ ಕಂಡರೆ ಕಣ್ಣೀರಿನಂತಹ ಹನಿ, ರಾತ್ರಿ ಮುಲಾಮು ಬೇಕು. ಎವೆ ಬಡಿಯುವುದು ಕಡಿಮೆಯಾದಾಗ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಒಣಗುತ್ತದೆ. ಕಣ್ಣು ಕೆಂಪಾಗಿ ನೋವು ಬಂದರೆ ಅದೇ ದಿನ ತೋರಿಸಿ.

ಡಾಕ್ಟರಿಗೆ ಕೇಳದೆಯೇ ಹೇಳಬೇಕಾದ ವಿಷಯಗಳು: ಮಯಸ್ತೇನಿಯಾ ಗ್ರೇವಿಸ್ (ಸ್ನಾಯುಗಳು ಬೇಗ ಸೋಲುವ ಕಾಯಿಲೆ) ಅಥವಾ ಬೇರೆ ನರಸ್ನಾಯು ಕಾಯಿಲೆ, ನುಂಗಲು ಕಷ್ಟ, ಇತ್ತೀಚೆಗೆ ಜೆಂಟಮೈಸಿನ್ ಅಥವಾ ಅಮಿಕಾಸಿನ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಆಗಿದ್ದರೆ ಅದು, ರಕ್ತ ತೆಳುವಾಗಿಸುವ ಮಾತ್ರೆ. ಮೊದಲನೆಯದಿದ್ದರೆ ಇಂಜೆಕ್ಷನ್ನಿನ ಯೋಚನೆಯೇ ಬದಲಾಗುತ್ತದೆ. ಕೊನೆಯದನ್ನು ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಸಣ್ಣ ಸೂಜಿ, ಐದು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಆಯಿತು. ನಾದಿನಿಗೆ ಅನ್ವಯಿಸುವುದು ಗರ್ಭಿಣಿಯೇ, ಹಾಲೂಡಿಸುತ್ತಿದ್ದಾರೆಯೇ ಎಂಬುದು. ಸೌಂದರ್ಯದ ಕೆಲಸ ಅಲ್ಲಿಯವರೆಗೆ ಕಾಯಬಹುದು.

“ಸುಕ್ಕಿನ ಇಂಜೆಕ್ಷನ್ ನಮ್ಮಮ್ಮನಿಗೆ ಯಾಕೆ?” ಎಂದು ಒಪಿಡಿಯಲ್ಲಿ ಹಲವರು ಕೇಳುತ್ತಾರೆ. ನಡೆದದ್ದು ತಿರುಗುಮುರುಗು. ಸ್ಯಾನ್ ಫ್ರಾನ್ಸಿಸ್ಕೋದ ನೇತ್ರತಜ್ಞ ಅಲನ್ ಸ್ಕಾಟ್ ಮಾಲುಗಣ್ಣಿಗೆಂದು ಇದನ್ನು ಬಳಕೆಗೆ ತಂದರು. ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮಾಲುಗಣ್ಣು ಮತ್ತು ರೆಪ್ಪೆಸೆಳೆತಕ್ಕೆ. ರೆಪ್ಪೆಸೆಳೆತಕ್ಕೆ ಚುಚ್ಚಿಸಿಕೊಂಡವರ ಹುಬ್ಬಿನ ಗೆರೆ ಮಾಯವಾಗಿದ್ದನ್ನು ಕೆನಡಾದ ವ್ಯಾಂಕೂವರ್‌ನಲ್ಲಿ ನೇತ್ರತಜ್ಞೆ ಜೀನ್ ಕರುದರ್ಸ್ ಗಮನಿಸಿದರು, ಅವರೂ ಚರ್ಮವೈದ್ಯರಾದ ಪತಿ ಅಲಸ್ಟೇರ್ ಅವರೂ 1992ರಲ್ಲಿ ಅದನ್ನು ಪ್ರಕಟಿಸಿದರು. ಹುಬ್ಬುಗೆರೆಗೆ ಅಮೆರಿಕದ ಒಪ್ಪಿಗೆ ಬಂದದ್ದು 2002ರಲ್ಲಿ. ನಿಮ್ಮ ನಾದಿನಿಯ ಚಿಕಿತ್ಸೆ ನಿಮ್ಮ ಅತ್ತೆಯಂಥವರ ಚಿಕಿತ್ಸೆಯಿಂದ ಹುಟ್ಟಿದ್ದು.

ಪ್ರಮಾಣದ ಅಂದಾಜು ಸಿಗಲಿ ಎಂದು ಹೇಳುತ್ತೇನೆ. ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವಿರುವ ದೀರ್ಘಕಾಲದ ಮೈಗ್ರೇನ್‌ಗೆ ಹಣೆ, ಕಣತಲೆ, ಹಿಂದಲೆ, ಕುತ್ತಿಗೆ, ಹೆಗಲು ಸೇರಿ 31 ಜಾಗಗಳಲ್ಲಿ 5 ಯೂನಿಟ್‌ನಂತೆ 155, ಪ್ರತಿ 12 ವಾರಕ್ಕೊಮ್ಮೆ. ಕಂಕುಳ ಅತಿಬೆವರಿಗೆ ಒಂದೊಂದು ಕಡೆ 50, ಅದು ಸ್ನಾಯುವಿಗಲ್ಲ, ಚರ್ಮದೊಳಕ್ಕೆ. ಔಷಧಿಗೆ ಬಗ್ಗದ, ತಡೆಯಲಾಗದ ಮೂತ್ರದ ಅವಸರಕ್ಕೆ ಮೂತ್ರಕೋಶದ ಗೋಡೆಗೆ 100, ಇಪ್ಪತ್ತು ಚುಚ್ಚು. ಅಲ್ಲಿ ಹೆಚ್ಚುಕಡಿಮೆಯಾದರೆ ಮೂತ್ರ ಕಟ್ಟಿ ಕೆಲಕಾಲ ನಳಿಗೆ ಹಾಕಿಕೊಳ್ಳಬೇಕಾಗಬಹುದು. ಪಾರ್ಶ್ವವಾಯುವಿನ ನಂತರ ಬಿಗಿದ ಕೈಗೆ ಇನ್ನೂ ಹೆಚ್ಚು. ಬೇರೆ ಬೇರೆ ಕಾರಣಕ್ಕೆ ಹಾಕಿದರೂ ದೊಡ್ಡವರಲ್ಲಿ ಮೂರು ತಿಂಗಳ ಒಟ್ಟು 400 ಯೂನಿಟ್ ಮೀರಬಾರದು, ಆದ್ದರಿಂದ ಮೈಗ್ರೇನ್‌ಗೆ ಹಾಕಿಸಿಕೊಳ್ಳುವವರು ಚರ್ಮದ ಡಾಕ್ಟರಿಗೂ ಅದನ್ನು ಹೇಳಬೇಕು.

—

ಮಾತ್ರೆ_ಡಬ್ಬಿ ಉತ್ತರಿಸಿದ್ದು (ಆಸ್ಪತ್ರೆ ಫಾರ್ಮಸಿ):

ಔಷಧಿ ನೀವೇ ತರ್ತೀರಿ ಅಂದ್ರಲ್ಲ, ಆ ಭಾಗ ನಾನು ಹೇಳ್ತೀನಿ.

ಮೊದಲು ಚೀಟಿ ನೋಡಿ. ಬ್ರ್ಯಾಂಡ್ ಹೆಸರು ಇರಲೇಬೇಕು. ಬೊಟಾಕ್ಸ್‌ನ ಯೂನಿಟ್, ಇದೇ ಟಾಕ್ಸಿನ್ನಿನ ಇನ್ನೊಂದು ಬ್ರ್ಯಾಂಡ್ ಡಿಸ್ಪೋರ್ಟ್‌ನ ಯೂನಿಟ್ ಒಂದಲ್ಲ. ಅದೇ ಹುಬ್ಬುಗೆರೆಗೆ ಬೊಟಾಕ್ಸ್ 20, ಡಿಸ್ಪೋರ್ಟ್ 50. “ಅದಿಲ್ಲ, ಇದು ಕೊಡ್ತೀನಿ, ಎರಡೂ ಒಂದೇ” ಅಂತ ಅಂಗಡಿಯಲ್ಲಿ ಹೇಳಿದರೆ ತಗೋಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರೋರಿಗೆ ಡಿಸ್ಪೋರ್ಟ್ ಕೊಡೋ ಹಾಗಿಲ್ಲ.

ಒಯ್ಯೋವಾಗ ಥರ್ಮೋಕೋಲ್ ಡಬ್ಬಿ, ಐಸ್ ಪ್ಯಾಕ್, ನಡುವೆ ಬಟ್ಟೆ. ಹಿಂದಿನ ದಿನ ತಂದು ಮನೆ ಫ್ರಿಜ್‌ನ ಬಾಗಿಲಲ್ಲಿ ಇಡೋದಕ್ಕಿಂತ ಆ ದಿನವೇ ತಗೊಂಡು ನೇರ ಹೋಗೋದು ಒಳ್ಳೇದು. ಮತ್ತೊಂದು ಬ್ರ್ಯಾಂಡ್ ಜಿಯೋಮಿನ್ ಮಾತ್ರ ತೆರೆಯದೇ ಇದ್ದರೆ ಸಾಮಾನ್ಯ ಕೊಠಡಿ ತಾಪದಲ್ಲಿ, ಅಂದರೆ 25 ಡಿಗ್ರಿವರೆಗೂ ಇರುತ್ತೆ. ರಾಯಚೂರಿನ ಏಪ್ರಿಲ್ ಆ ಲೆಕ್ಕಕ್ಕೆ ಬರಲ್ಲ. ಪೆಟ್ಟಿಗೆ ಮೇಲಿನ ಬ್ಯಾಚ್ ನಂಬರ್, ವಯಲ್ ಮೇಲಿನದು, ಬಿಲ್ಲಿನದು ಮೂರೂ ಒಂದೇ ಇರಬೇಕು. 2024ರಲ್ಲಿ ಅಮೆರಿಕದಲ್ಲಿ ನಕಲಿ ಬೊಟಾಕ್ಸ್ ಸಿಕ್ಕಾಗ ಪೆಟ್ಟಿಗೆ ಮೇಲೆ 150 ಯೂನಿಟ್ ಅಂತ ಇತ್ತು. ಅಂಥ ಅಳತೆಯನ್ನ ಆ ಕಂಪನಿ ಮಾಡೋದೇ ಇಲ್ಲ. ವಾಟ್ಸಾಪ್‌ನಲ್ಲಿ ಅರ್ಧ ಬೆಲೆಗೆ ಬರೋದನ್ನ ಮುಟ್ಟಬೇಡಿ.

ವಯಲ್ ಖಾಲಿ ಕಾಣ್ತಿದೆ ಅಂತ ಗಾಬರಿಯಾಗಿ ವಾಪಸ್ ತರೋರು ಇದ್ದಾರೆ, ಮೇಲೆ ಡಾಕ್ಟ್ರು ಬರೆದದ್ದು ಓದಿಕೊಳ್ಳಿ.

ಇನ್ನೊಂದು, ಇದು ಡಾಕ್ಟರುಗಳೂ ನೋಡಲಿ ಅಂತ. ಇನ್ಸುಲಿನ್ ಸಿರಿಂಜಲ್ಲಿ ಎಳೆಯೋರು ಮುಚ್ಚಳದ ಬಣ್ಣ ನೋಡಬೇಕು. ನಮ್ಮಲ್ಲಿ ಕೆಂಪು ಮುಚ್ಚಳದ 40ರದ್ದೂ (1 ಮಿ.ಲೀ.ಗೆ 40 ಗುರುತು) ಕಿತ್ತಳೆ ಮುಚ್ಚಳದ 100ರದ್ದೂ (1 ಮಿ.ಲೀ.ಗೆ 100 ಗುರುತು) ಒಂದೇ ಡ್ರಾಯರ್‌ನಲ್ಲಿ ಬಿದ್ದಿರುತ್ತೆ. 100 ಯೂನಿಟ್‌ನ ವಯಲ್‌ಗೆ 2.5 ಮಿ.ಲೀ. ಸಲೈನ್ ಹಾಕಿದ್ದರೆ ಕೆಂಪಿನಲ್ಲಿ ಒಂದು ಯೂನಿಟ್ ಗುರುತಿಗೆ ಸರಿಯಾಗಿ 1 ಯೂನಿಟ್ ಟಾಕ್ಸಿನ್. ಕಿತ್ತಳೆಯಲ್ಲಿ ಒಂದು ಗುರುತಿಗೆ 0.4 ಮಾತ್ರ. 1 ಮಿ.ಲೀ. ಹಾಕಿದ್ದರೆ ಕಿತ್ತಳೆಯಲ್ಲಿ ಒಂದಕ್ಕೆ ಒಂದು, ಕೆಂಪಿನಲ್ಲಿ ಒಂದಕ್ಕೆ ಎರಡೂವರೆ. ಸಿರಿಂಜ್ ಅದಲುಬದಲಾದರೆ ಕಣ್ಣಿನ ಪಕ್ಕ ಎರಡೂವರೆ ಪಟ್ಟು ಹೋಗಿಬಿಡಬಹುದು.

ವಿಮೆ: ವಿಮಾ ನಿಯಂತ್ರಕ ಐಆರ್‌ಡಿಎಐ ಪಟ್ಟಿಯಲ್ಲಿ ರೂಪ ಬದಲಿಸೋ ಚಿಕಿತ್ಸೆ 08ನೇ ಸಂಕೇತದ ಹೊರಗಿಡುವಿಕೆ, ಹಾಗಾಗಿ ನಾದಿನಿಯದ್ದಕ್ಕೆ ಬರಲ್ಲ. ಅತ್ತೆಯದ್ದು ಕಾಯಿಲೆಗೆ ಕೊಡೋದು, ಆದರೆ ಒಪಿಡಿಯಲ್ಲಿ ಹತ್ತು ನಿಮಿಷದ ಕೆಲಸ. ಪಾಲಿಸಿಯಲ್ಲಿ ಒಪಿಡಿ ಇದೆಯಾ, ಡೇ ಕೇರ್ ಪಟ್ಟಿಯಲ್ಲಿ ಇದು ಸೇರಿದೆಯಾ ಅಂತ ಮೊದಲೇ ಬರಹದಲ್ಲಿ ಕೇಳಿ. ಬಿಲ್ಲಿನಲ್ಲಿ ಬರೀ “ಬೊಟಾಕ್ಸ್” ಅಂತಿದ್ದರೆ ಅಲ್ಲೇ ತಿರಸ್ಕಾರ. ರೋಗದ ಹೆಸರು, ರೋಗಗಳ ಅಂತರರಾಷ್ಟ್ರೀಯ ಪಟ್ಟಿಯ ಐಸಿಡಿ ಸಂಕೇತ ಜಿ 51.3, ಎಷ್ಟು ಯೂನಿಟ್, ಬ್ಯಾಚ್ ನಂಬರ್ ಇರೋ ಪತ್ರವನ್ನ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

—

ಸಂಪಿಗೆ_ಮರ:

ಮೂವರಿಗೂ ಧನ್ಯವಾದ. ಹಂಚೋ ಮಾತು ಬಿಟ್ಟೆವು. 50ರ ವಯಲ್ ಎರಡು ದಿನದಲ್ಲಿ ತರಿಸಿಕೊಡ್ತಾರಂತೆ.

ನಾದಿನಿಯ ಕ್ಲಿನಿಕ್‌ನಲ್ಲಿ ಯೂನಿಟ್ ಲೆಕ್ಕ ಇಲ್ಲ, “ಒಂದು ಏರಿಯಾಗೆ ಇಷ್ಟು” ಅಂತಾರೆ. ಜೊತೆಗೆ ದವಡೆ ಅಗಲ ಇದೆ, ಅದಕ್ಕೂ ಹಾಕಿಸಿ ಅಂತಿದ್ದಾರೆ. ಆಮೇಲೆ ನಾಲ್ಕು ಗಂಟೆ ಮಲಗಬಾರದು ಅನ್ನೋದು ನಿಜಾನಾ? ಕುಂಕುಮ ಇಡಬಹುದಾ?

—

ತ್ವಚೆ_ಮಾತು:

ಏರಿಯಾ ಲೆಕ್ಕದಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಆದರೆ 20ರ ಜಾಗದಲ್ಲಿ 10 ಹಾಕಿದರೂ ನಿಮಗೆ ಗೊತ್ತಾಗಲ್ಲ, ಎರಡು ತಿಂಗಳಿಗೇ ಗೆರೆ ವಾಪಸ್ ಬಂದಾಗ “ನಿಮ್ಮ ಸ್ನಾಯು ಗಟ್ಟಿ” ಅಂತ ಕೇಳಿಸಿಕೊಳ್ತೀರಿ. ಯಾವ ಬ್ರ್ಯಾಂಡ್, ಎಷ್ಟು ಮಿ.ಲೀ. ಸಲೈನ್, ಯಾವ ಜಾಗಕ್ಕೆ ಎಷ್ಟು ಯೂನಿಟ್ ಅಂತ ಫೈಲಿನಲ್ಲಿ ಬರೆಸಿಕೊಳ್ಳಿ, ವಯಲಿನ ಫೋಟೋ ತಗೊಳ್ಳಿ. ಚುಚ್ಚೋರ ವೈದ್ಯಕೀಯ ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿಕೊಂಡರೆ ಅಲ್ಲಿಂದ ಎದ್ದು ಬನ್ನಿ.

ದವಡೆಗೆ ಈಗ ಬೇಡ. ಅಗಿಯೋ ಸ್ನಾಯು ಮ್ಯಾಸೆಟರ್‌ಗೆ ಒಂದೊಂದು ಕಡೆ 20–30 ಯೂನಿಟ್ ಹಾಕ್ತಾರೆ, ಅದು ಲೇಬಲ್ಲಿನಲ್ಲಿ ಇರೋ ಬಳಕೆಯಲ್ಲ. ಸ್ನಾಯು ಸೊರಗಿ ದವಡೆ ಕಿರಿದಾಗೋಕೆ ಒಂದೆರಡು ತಿಂಗಳಾದರೂ ಬೇಕು, ಮದುವೆಗೆ ಸಿಗಲ್ಲ. ಮುಂದಕ್ಕೆ ಚುಚ್ಚಿದರೆ ನಗೋ ಸ್ನಾಯು ಸಿಕ್ಕಿಹಾಕಿಕೊಂಡು ಫೋಟೋದಲ್ಲಿ ನಗು ಸೊಟ್ಟ ಬರುತ್ತೆ. ರಾತ್ರಿ ಹಲ್ಲು ಕಡಿಯೋ ತೊಂದರೆ ಇದ್ದರೆ ಆ ಮಾತು ಬೇರೆ, ಮದುವೆ ಮುಗಿದ ಮೇಲೆ ಹಲ್ಲಿನ ಡಾಕ್ಟರಿಗೆ ತೋರಿಸಿ ನಿರ್ಧರಿಸಲಿ.

ಆ ದಿನ ಹುಬ್ಬಿನ ನಡುವೆ ಒತ್ತೋದು, ಉಜ್ಜೋದು ಬೇಡ. ಕುಂಕುಮವನ್ನ ಬೆರಳಲ್ಲಿ ಒತ್ತಿ ಇಡೋದು, ಅಂಟು ಬಿಂದಿ ಕೀಳೋದು ಮರುದಿನಕ್ಕೆ ಇರಲಿ. ಎಣ್ಣೆಸ್ನಾನ, ತಲೆ ಮಸಾಜ್, ಶೀರ್ಷಾಸನ, ಜಿಮ್ ಆ ದಿನ ಬೇಡ. ಹಣೆಗೆ ಬಿಗಿಯೋ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್‌ನಲ್ಲಿ ಬರೋ ಬದಲು ಆಟೋ ಹಿಡಿಯಲಿ. ಪಾರ್ಲರ್ ಫೇಶಿಯಲ್ ಒಂದು ವಾರ ಮುಂದೆ ಹಾಕಲಿ. ನಾಲ್ಕು ಗಂಟೆ ಕೂತೇ ಇರಲಿ.

—

ನರಮಂಡಲ:

ನಾಲ್ಕು ಗಂಟೆಯ ನಿಯಮಕ್ಕೆ ಗಟ್ಟಿ ಆಧಾರ ಕಡಿಮೆ. ಔಷಧಿ ಹರಡುವುದು ಪ್ರಮಾಣ, ದ್ರಾವಣದ ಗಾತ್ರ ಮತ್ತು ಸೂಜಿ ಇಳಿದ ಜಾಗದಿಂದ, ತಲೆದಿಂಬಿನಿಂದಲ್ಲ. ಅತ್ತೆಯವರಿಗೆ ಸುಸ್ತಾದರೆ ಒರಗಿಕೊಳ್ಳಲಿ, ಅದಕ್ಕಾಗಿ ಹೆದರಿಸಬೇಡಿ.

—

ತ್ವಚೆ_ಮಾತು:

ಆಧಾರ ಕಡಿಮೆ ಅನ್ನೋದು ನಿಜ. ಖರ್ಚಿಲ್ಲದ ನಿಯಮ ಅಂತ ನಾನಿನ್ನೂ ಹೇಳ್ತೀನಿ, ಮಲಗಿದೋರು ಮುಖವನ್ನ ದಿಂಬಿಗೆ ಒತ್ತಿಕೊಳ್ಳೋದೇ ಹೆಚ್ಚು.

ಒಂದು ಮಾತ್ರ ಇಬ್ಬರಿಗೂ. ಎರಡು ವಾರದ ತಿದ್ದುಪಡಿ ಬಿಟ್ಟರೆ ಮುಂದಿನ ಸುತ್ತು ಮೂರು ತಿಂಗಳಿಗಿಂತ ಮುಂಚೆ ಬೇಡ. ಪದೇ ಪದೇ, ಜಾಸ್ತಿ ಜಾಸ್ತಿ ಹಾಕಿಸಿಕೊಂಡರೆ ದೇಹ ಇದರ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳಬಹುದು, ಆಮೇಲೆ ಔಷಧಿ ಹತ್ತಲ್ಲ. ನಾದಿನಿಗೆ ಅದರಿಂದ ಹೋಗೋದು ಒಂದು ಗೆರೆ. ಅತ್ತೆಗೆ ಹಾಗಾದರೆ ಉಳಿಯೋದು ಬಹುಮಟ್ಟಿಗೆ ಆಪರೇಷನ್ನೇ. ಇನ್ನು ಯಾರಿಗಾದರೂ ಚುಚ್ಚಿದ ಕೆಲವು ಗಂಟೆ, ದಿನ, ವಾರದೊಳಗೆ ನುಂಗೋಕೆ ಕಷ್ಟ, ದನಿ ಕಮ್ಮಿಯಾಗೋದು, ಉಸಿರಾಟ ಭಾರ ಕಂಡುಬಂದರೆ ಕ್ಲಿನಿಕ್‌ಗೆ ಫೋನ್ ಮಾಡ್ತಾ ಕೂರಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ, ಬಾಗಿಲಲ್ಲೇ “ಬೊಟುಲಿನಮ್ ಇಂಜೆಕ್ಷನ್ ಆಗಿದೆ” ಅಂತ ಹೇಳಿ.

—

ಮಾತ್ರೆ_ಡಬ್ಬಿ:

ಬಳಸಿ ಉಳಿದ ವಯಲ್ ಮನೆಗೆ ತರಬೇಡಿ, ಅದನ್ನ ನಿಷ್ಕ್ರಿಯ ಮಾಡಿ ಬಿಸಾಕೋ ಕೆಲಸ ಆಸ್ಪತ್ರೆಯದ್ದು. ಖಾಲಿ ಪೆಟ್ಟಿಗೆ ಮಾತ್ರ ಕೇಳಿ ತಗೊಳ್ಳಿ, ಬ್ಯಾಚ್ ನಂಬರ್ ಅದರ ಮೇಲಿದೆ, ವಿಮೆಯವರಿಗೆ ಅದೇ ಬೇಕು.